ವಾರಿಜಕ್ಕನ ಹಿಂದೆ ಬಂದ ಮೇಕೆಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆದರಾಯಿತು ಎಂದು ಎಂಟು ತಿಂಗಳು ಕಾದೆ. ಅದು ಇಳಿಯುವಂಥದ್ದಲ್ಲ ಎಂದು ಈಗ ಖಾತ್ರಿಯಾಗಿದೆ. ಹಾಗಾಗಿ ಮುಂದೆ ಒಬ್ಬಿಬ್ಬರ ಬಗ್ಗೆ ಮಾತು ಖಾರವಾದರೆ ಓದುವವರು ಸಹಿಸಿಕೊಳ್ಳಬೇಕು. ನನ್ನ ಬಗ್ಗೆಯೂ ಖಾರವಾಗಿಯೇ ಬರೆಯುವವನಿದ್ದೇನೆ, ಅಷ್ಟರಮಟ್ಟಿಗೆ ಪಕ್ಷಪಾತವಿಲ್ಲ.

ನಮ್ಮೂರಿನಲ್ಲಿ ಯಾರಾದರೂ ಕೆಲಸದಲ್ಲಿ ತಪ್ಪು ಮಾಡಿದರೆ ಅವರ ಪಕ್ಕದಲ್ಲಿ ಒಂದು ಮೇಕೆ ಬಂದು ನಿಲ್ಲುತ್ತದೆ. ಸಣ್ಣ ತಪ್ಪಾದರೆ ಮರಿ, ದೊಡ್ಡದಾದರೆ ಕೊಂಬಿರುವುದು. ತಪ್ಪು ಸರಿಹೋದ ಗಳಿಗೆಗೆ ಅದು ಅಲ್ಲಿರುವುದಿಲ್ಲ. ರವಿಕೆಯ ತೋಳನ್ನು ಗಿಡ್ಡ ಕತ್ತರಿಸಿದ ದರ್ಜಿ ಮೇಕೆಯನ್ನು ಅಂಗಡಿಯ ಕಂಬಕ್ಕೆ ಕಟ್ಟಿ, ಬೇರೆ ಬಟ್ಟೆ ತಂದು ಹೊಲಿದುಕೊಟ್ಟರೆ ಕಂಬದಲ್ಲಿ ಬರೀ ಹಗ್ಗ ಉಳಿಯುತ್ತದೆ. ಹೋಟೆಲಿಗೆ ಹೋಗುವವರು ಮೊದಲು ಹಿತ್ತಿಲಿನ ಕಡೆ ಇಣುಕಿ ಎಷ್ಟು ಮೇಕೆಗಳಿವೆ ಎಂದು ನೋಡಿಕೊಂಡೇ ಒಳಗೆ ಕೂರುವುದು. ಹೆಣ್ಣು ಕೊಡುವವರು ಜಾತಕ ನೋಡುವ ಮುಂಚೆ ಹುಡುಗ ಕೆಲಸ ಮಾಡುವ ಕಡೆಗೆ ಒಂದು ಸುತ್ತು ಹಾಕಿ ಬರುತ್ತಾರೆ. ಇದರಲ್ಲಿ ನಮಗೆ ಯಾರಿಗೂ ವಿಶೇಷ ಕಾಣುವುದಿಲ್ಲ.

ಇಷ್ಟೇ ಆಗಿದ್ದರೆ ನಮ್ಮೂರಿನಷ್ಟು ನ್ಯಾಯದ ಊರು ಇನ್ನೊಂದಿಲ್ಲ ಎನ್ನುತ್ತಿದ್ದೆ. ಆದರೆ ಮೇಕೆಯ ಬುದ್ಧಿ ಮೇಕೆಯದು. ಯಾರ ಕೈಯಿಂದ ಸೊಪ್ಪು ತಿಂದಿತೋ ಅವರ ಹಿಂದೆ ಹೋಗುತ್ತದೆ. ಕೊನೆಗೆ ತಿನ್ನಿಸಿದವರು ಯಾರೋ ಅದು ಅವರದು. ಅಂಗಡಿ ಬೀದಿಯಲ್ಲಿ ಇದರಿಂದ ಅಂಥ ತೊಂದರೆಯಾಗಲಿಲ್ಲ, ಏಕೆಂದರೆ ದರ್ಜಿಯ ಮೇಕೆಯನ್ನು ಸಾಕುವ ಉಸಾಬರಿ ಬಳೆ ಅಂಗಡಿಯವನಿಗೆ ಯಾಕೆ? ತೊಂದರೆ ಶುರುವಾದದ್ದು ನಲವತ್ತು ಜನ ಒಂದೇ ಸೂರಿನ ಕೆಳಗೆ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ಕಂಪನಿಗಳು ಊರಿಗೆ ಬಂದ ಮೇಲೆ. ಅಂಥದ್ದೊಂದರಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೇನೆ.

ನಮ್ಮ ಕಚೇರಿ ಹಳೇ ತರಕಾರಿ ಮಾರ್ಕೆಟ್ಟಿನ ಹಿಂದೆ, ಮೂರನೆಯ ಮಹಡಿಯಲ್ಲಿ. ಅಲ್ಲಿ ಕೂತು ನಾವು ಸಾಫ್ಟ್‌ವೇರ್ ಬರೆಯುತ್ತೇವೆ. ಹನ್ನೊಂದು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಹಾಸಿಗೆ ಎಂದು ಹೇಳಿ ಚೀಟಿ ಕೊಡುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ಕೇಳಲು ಸುಲಭ. ಆದರೆ ಇಲ್ಲಿ ಒಂದು ಅಂಕಿ ಆಚೀಚೆಯಾದರೆ ಅಲ್ಲಿ ಯಾರೋ ಒಬ್ಬರು ಕೈಕಾಲು ಊದಿಸಿಕೊಂಡು ಬೆಂಚಿನ ಮೇಲೆ ಕಾಯಬೇಕಾಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು.

ಇನ್ನು ಜನ. ನಿರಂಜನ ಎಂಬುವನು ಮೀಟಿಂಗ್ ಕರೆಯುವವನು. ಬೆಳಿಗ್ಗೆ ಒಂದು, ಊಟಕ್ಕೆ ಮುಂಚೆ ಒಂದು, ಆ ಎರಡರಲ್ಲಿ ಏನು ಮಾತಾಡಿದೆವು ಎಂದು ಮಾತಾಡಲು ಸಂಜೆ ಇನ್ನೊಂದು. ಅವನ ಪಕ್ಕದಲ್ಲಿ ಮೇಕೆ ಬಂದರೆ ಬೋರ್ಡಿನ ಮೇಲೆ ಅದರ ಚಿತ್ರ ಬರೆದು, ನಾಲ್ಕು ಕಾಲಿಗೂ ನಾಲ್ಕು ಬಣ್ಣ ಹಚ್ಚಿ, "ಇದನ್ನ ತಪ್ಪು ಅಂತ ಯಾಕೆ ನೋಡ್ತೀರಿ? ಆಸ್ಪತ್ರೆಯೋರಿಗೆ ಒಂದು ಹೊಸ ಸೌಲಭ್ಯ ಅಂತ ನೋಡಿ" ಎಂದು ಮುಕ್ಕಾಲು ಗಂಟೆ ಕೊರೆಯುತ್ತಿದ್ದ. ಅಷ್ಟರಲ್ಲಿ ಮೇಕೆಗೆ ಹಸಿವಾಗಿ ಅರಚತೊಡಗುತ್ತಿತ್ತು. ಯಾರೋ ಎದ್ದು ಸೊಪ್ಪು ಹಾಕುತ್ತಿದ್ದರು. ಆ ಯಾರೋ ಯಾರೆಂದು ಆಮೇಲೆ ಹೇಳುತ್ತೇನೆ. ಮೇಕೆ ಅವನ ಪಕ್ಕದಿಂದ ಹೋಗುತ್ತಿತ್ತು, ಮೀಟಿಂಗ್ ಯಶಸ್ವಿಯಾಗುತ್ತಿತ್ತು.

ಪದ್ಮಪ್ರಿಯ ಇನ್ನೊಂದು ಬಗೆ. ಕೆಲಸ ಬಾರದವಳಲ್ಲ, ಚುರುಕು ಹುಡುಗಿ. ಆದರೆ ಮೇಕೆ ಬಂದ ತಕ್ಷಣ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ಓಡ್ತಿತ್ತಲ್ಲ! ನನ್ನ ಮೇಜಿನ ಹತ್ರ ಇದ್ದಾಗ ಇದು ಮೇಕೆ ಆಗಿರ್ಲೇ ಇಲ್ಲ" ಎನ್ನುವಳು. ಮೇಕೆ ಅವಳ ಸೆರಗನ್ನೇ ಮೂಸುತ್ತಾ ನಿಂತಿರುತ್ತಿತ್ತು. ಅಂತೋಣಿ ತಪ್ಪು ಹುಡುಕುವವನು, ಅವನಿಗೆ ಸಂಬಳ ಕೊಡುವುದೇ ಅದಕ್ಕೆ. ಯಾರ ಪಕ್ಕದಲ್ಲಿ ಮೇಕೆ ಕಂಡರೂ ಬಣ್ಣ, ಕೊಂಬಿನ ಅಳತೆ, ಹಿಕ್ಕೆ ಹಾಕಿದ ಜಾಗ ಎಲ್ಲ ಬರೆದು ನಲವತ್ತು ಜನಕ್ಕೂ ಮೇಲ್ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಸುಳ್ಳು ಬರೆದವನಲ್ಲ. ಆದರೆ ಯಾರ ಮೇಕೆ ಯಾರ ಹಿಂದೆ ಹೋಯಿತು ಎಂದು ಬರೆಯಲು ಅವನ ಫಾರಂನಲ್ಲಿ ಜಾಗವಿರಲಿಲ್ಲವಂತೆ. ಉಳಿದವರಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪ್ರಳಯವಾದರೂ ತಲೆಯೆತ್ತದವರು ಕೆಲವರು, "ಆಗತ್ತೆ ಸಾರ್" ಎಂಬ ಎರಡೇ ಪದಗಳಲ್ಲಿ ಹತ್ತು ವರ್ಷ ಸರ್ವಿಸ್ ಮಾಡಿದವರು ಕೆಲವರು.

ಇವರೆಲ್ಲರ ಮೇಲೆ ಜಯಸಿಂಹ. ಎದುರಿಗೆ ಸಾರ್ ಎನ್ನುತ್ತಿದ್ದೆ, ಇಲ್ಲಿ ಅಷ್ಟು ಮರ್ಯಾದೆ ಕೊಡಲಾರೆ. ಮೇನೇಜರ್ ಆಗಿ ಬಂದಾಗಿನಿಂದ ಅವನ ಪಕ್ಕದಲ್ಲಿ ಯಾರೂ ಒಂದು ಮರಿಯನ್ನೂ ಕಂಡವರಿಲ್ಲ. ಅದನ್ನು ಅವನು ಹೊಸಬರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಅವನು ಒಂದು ಅಕ್ಷರವನ್ನೂ ಕಂಪ್ಯೂಟರಿಗೆ ಒತ್ತಿದವನಲ್ಲ ಎಂಬುದನ್ನು ಹೇಳಿಕೊಳ್ಳುತ್ತಿರಲಿಲ್ಲ.

ಮೆಟ್ಟಿಲಿನ ಪಕ್ಕದ ಕಿಟಕಿಯ ಹತ್ತಿರ ಕೂರುತ್ತಿದ್ದವರು ವಾರಿಜಕ್ಕ. ನಲವತ್ತಾರು ವಯಸ್ಸು, ಆ ಕಂಪನಿಯಲ್ಲಿ ಹನ್ನೊಂದು ವರ್ಷ. ಮನೆಯ ಹಿತ್ತಿಲಿನ ಹಲಸಿನ ಸೊಪ್ಪನ್ನು ಒಂದು ಚೀಲದಲ್ಲಿ ತುಂಬಿ ತಂದು ಕುರ್ಚಿಯ ಕೆಳಗಿಡುತ್ತಿದ್ದರು. ಅವರಿಗೂ ಮೇಕೆ ಬರುತ್ತಿತ್ತು, ಕೆಲಸ ಮಾಡುವವರಿಗೆ ಬರದೆ ಇರುತ್ತದೆಯೇ? ಬಂದರೆ ಮುಖ ತೊಳೆದುಕೊಂಡು ಬಂದು ಕೂತು, ಸಂಜೆಯೊಳಗೆ ಸರಿಮಾಡಿ, ಬರಿಗೈ ಬೀಸಿಕೊಂಡು ಮನೆಗೆ ಹೋಗುತ್ತಿದ್ದರು. ಅದು ಮೊದಲಿನ ಮಾತು. ಆಮೇಲಾಮೇಲೆ ನಿರಂಜನನ ಮೀಟಿಂಗಿನ ಹೊರಗೆ ಅರಚುವುದಕ್ಕೂ ಅವರೇ, ಪದ್ಮಪ್ರಿಯಳ ಸೆರಗು ಬಿಡದ್ದಕ್ಕೂ ಅವರೇ. ಒಂದೊಂದು ಹಿಡಿ ಹಾಕುವರು, ಅದು ಅವರ ಕುರ್ಚಿಯ ಪಕ್ಕಕ್ಕೆ ಬಂದು ಮಲಗುವುದು.

"ಯಾಕಕ್ಕ ಕಂಡೋರ ಮೇಕೆಗೆಲ್ಲ ತಿನ್ನಿಸ್ತೀರಿ?" ಎಂದು ನಾನೇ ಒಂದು ದಿನ ಕೇಳಿದ್ದೆ.

"ಎದುರಿಗೆ ನಿಂತು ಅರಚ್ತಿರತ್ತೆ ಭೋಜು. ಕಿವಿ ಮುಚ್ಕೊಂಡು ಕೆಲಸ ಮಾಡೋದಕ್ಕೆ ನನಗೆ ಬರಲ್ಲ."

ತಿನ್ನಿಸಿದ ಮೇಲೆ ಸರಿಪಡಿಸಲೂ ಕೂರುತ್ತಿದ್ದರು. ಆದರೆ ಬೇರೆಯವರ ತಪ್ಪನ್ನು ಸರಿಪಡಿಸಬೇಕಾದರೆ ಅವರು ಬಂದು ತಾವು ಏನು ಮಾಡಿದೆವು ಎಂದು ಹೇಳಬೇಕು. ಅದನ್ನು ಹೇಳದೆ ಹುಡುಕುವುದೆಂದರೆ ಕಂಡವರ ಅಡುಗೆಮನೆಯಲ್ಲಿ ದೀಪವಿಲ್ಲದೆ ಉಪ್ಪಿನ ಡಬ್ಬಿ ಹುಡುಕಿದ ಹಾಗೆ. ವಾರಿಜಕ್ಕ ಹೋಗಿ ಕೇಳುವರು, "ನಾಳೆ ಹೇಳ್ತೀನಿ ಮೇಡಂ" ಎಂಬ ಉತ್ತರ ಬರುವುದು. ಯಾಕೆ ನಾಳೆ? ಮೇಕೆ ತನ್ನ ಪಕ್ಕದಲ್ಲಿಲ್ಲವಲ್ಲ, ಅದಕ್ಕೆ. ಇಷ್ಟು ಸರಳವಾದ ನೀಚತನವನ್ನು ನಾನು ಬೇರೆಲ್ಲೂ ನೋಡಿಲ್ಲ. ಹಾಗೆ ನೋಡಿದರೆ, ನನ್ನವೂ ಎರಡಿದ್ದವು. ತಿಂಗಳ ಮೂವತ್ತೊಂದನೆಯ ತಾರೀಕಿಗೆ ಚೀಟಿ ಮುದ್ರಣವಾಗದಂತೆ ನಾನು ಬರೆದದ್ದಕ್ಕೆ ಒಂದು, ಹೆಸರು ಉದ್ದವಿದ್ದವರ ವಾರ್ಡ್ ನಂಬರ್ ಕಾಣದೆ ಹೋದದ್ದಕ್ಕೆ ಒಂದು. ಟೀ ಕುಡಿಯಲು ಹೋಗುವಾಗ ಎರಡನ್ನೂ ವಾರಿಜಕ್ಕನ ಮೇಜಿನ ಕಾಲಿಗೆ ಕಟ್ಟಿ ಹೋದೆ. ಬರುವುದನ್ನು ಬೇಕೆಂದೇ ತಡಮಾಡಿದೆ. ಬಂದಾಗ ಎರಡೂ ಅವರ ಪಾದದ ಹತ್ತಿರ ಮೆಲುಕು ಹಾಕುತ್ತಿದ್ದವು. ನನಗೆ ಸಂಕೋಚವಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು.

ಹೋತ ಬಂದದ್ದು ಜನವರಿಯಲ್ಲಿ. ಹೊಸ ಸಾಫ್ಟ್‌ವೇರನ್ನು ಆಸ್ಪತ್ರೆಗಳಿಗೆ ಒಪ್ಪಿಸಬೇಕಾದ ವಾರ. ಇನ್ನೂ ನಾಲ್ಕು ದಿನ ಬೇಕು ಎಂದು ವಾರಿಜಕ್ಕ ಹೇಳಿದ್ದರು. ಜಯಸಿಂಹ ತಾನೇ ಕಾರು ಹತ್ತಿ ಆಸ್ಪತ್ರೆಗಳ ಸುತ್ತು ಹೊರಟ, ಎಲ್ಲಿಯೋ ಏನೋ ತಡೆಯಿತು, ಅಲ್ಲಿನ ಯಂತ್ರದಲ್ಲಿ ತನ್ನ ಕೈಯಾರೆ ಏನನ್ನೋ ಒತ್ತಿ, ಓಡುವಂತೆ ಮಾಡಿ, ಹೂವಿನ ಹಾರ ಹಾಕಿಸಿಕೊಂಡು ಬಂದ. ಬರೆದಿಡಲಿಲ್ಲ. ಮೂರನೆಯ ದಿನದಿಂದ ಒಂದೇ ಹಾಸಿಗೆಗೆ ಇಬ್ಬರಿಗೆ ಚೀಟಿ ಹೋಗತೊಡಗಿತು. ಇವತ್ತು ಈ ಆಸ್ಪತ್ರೆಯಲ್ಲಿ, ಇನ್ನೊಂದು ವಾರ ಇನ್ನೊಂದರಲ್ಲಿ. ಒಬ್ಬ ಮುದುಕರು ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಚೀಟಿ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದರಂತೆ. ಅದೇ ಚೀಟಿ ಹಿಡಿದು ಇನ್ನೊಬ್ಬರು ಒಳಗೆ ಮಲಗಿದ್ದರು.

ಆ ದಿನ ಜಯಸಿಂಹನ ಕೋಣೆಯ ಬಾಗಿಲಲ್ಲಿ ನಿಂತಿತ್ತು, ಕರೀ ಹೋತ. ನನ್ನ ಸೊಂಟದೆತ್ತರ, ತಿರುಚಿದ ಕೊಂಬು, ಗಡ್ಡ ನೆಲಕ್ಕೆ ತಾಗುವಷ್ಟು. ಅಂಥ ವಾಸನೆಯನ್ನು ಆ ಮಹಡಿ ಕಂಡಿರಲಿಲ್ಲ. ನಲವತ್ತು ಜನರೂ ನೋಡಿದೆವು. ಜಯಸಿಂಹ ಹೊರಗೆ ಬಂದ, ಅದನ್ನು ನೋಡಿದ, ನಮ್ಮನ್ನು ನೋಡಿದ. ಕರವಸ್ತ್ರದಿಂದ ಮೂಗು ಒರೆಸಿಕೊಂಡು ವಾರಿಜಕ್ಕನ ಮೇಜಿನ ಹತ್ತಿರ ಹೋಗಿ ಬೆಣ್ಣೆಯಂಥ ದನಿಯಲ್ಲಿ ಹೇಳಿದ, "ವಾರಿಜಾ, ಪಾಪ ಎಲ್ಲಿಂದ ಬಂತೋ ಏನೋ, ಹಸಿದಿರೋ ಹಾಗಿದೆ ನೋಡಿ. ನೀವಾದ್ರೆ ಇವುಗಳ ಕಷ್ಟ ಗೊತ್ತಿರೋರು."

ವಾರಿಜಕ್ಕ ಒಂದು ಕ್ಷಣ ನಮ್ಮ ಕಡೆ ತಿರುಗಿದರು. ಯಾರಾದರೂ ಏನಾದರೂ ಅನ್ನಲಿ ಎಂದು ನೋಡಿದರೋ ಏನೋ. ನಾವೆಲ್ಲ ನಮ್ಮ ನಮ್ಮ ಪರದೆಯೊಳಗೆ ಮುಖ ತೂರಿಸಿಕೊಂಡೆವು. ಹೋತ ಅರಚಿತು. ಅವರು ಚೀಲಕ್ಕೆ ಕೈಹಾಕಿದರು.

ಪ್ರತಿ ಮಾರ್ಚ್‌ನಲ್ಲಿ ನಮ್ಮ ಕಂಪನಿಯ ಹೆಡ್ಡಾಫೀಸಿನಿಂದ ಮೇಕೆ ಎಣಿಸಲು ಬರುತ್ತಾರೆ. ಅವರೂರಿನಲ್ಲಿ ಮೇಕೆ ಬರುವುದಿಲ್ಲವಂತೆ. ಅಲ್ಲಿನವರು ಯಾರ ತಪ್ಪು ಯಾವುದು ಎಂದು ಹೇಗೆ ತಿಳಿಯುತ್ತಾರೋ, ಹೇಗೆ ಬದುಕುತ್ತಾರೋ ದೇವರಿಗೇ ಗೊತ್ತು. ಅವರ ಲೆಕ್ಕ ಹೀಗೆ. ಏಳು ಮೇಕೆಯವರೆಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಎಂಟಾದರೆ ಅವತ್ತೇ ಮನೆಗೆ. ಒಂದೂ ಇಲ್ಲದವರ ಹೆಸರು ಬಡ್ತಿಯ ಪಟ್ಟಿಗೆ. ಬಡ್ತಿಯಾದವನ ಪಕ್ಕದಲ್ಲಿ ಆಮೇಲೆ ಮೇಕೆ ಕಂಡರೆ ಕುರ್ಚಿ ವಾಪಸ್. ಆ ವರ್ಷ ನಮ್ಮ ವಿಭಾಗಕ್ಕೆ ಮುಖ್ಯಸ್ಥನನ್ನು ಆರಿಸುವುದಿತ್ತು, ಅದಕ್ಕೆ ನನ್ನ ಹೆಸರು ಓಡಾಡುತ್ತಿತ್ತು. ನನ್ನ ಪಕ್ಕ ಖಾಲಿಯಿತ್ತಲ್ಲ.

ವಾರಿಜಕ್ಕನ ಸುತ್ತ ಆಗ ಹದಿಮೂರು. ನಮ್ಮೂರಿನಲ್ಲಿ ಕೆಲಸದಿಂದ ತೆಗೆದರೆ ಅದೊಂದೇ ಹೋಗುವುದಲ್ಲ. ಮೇಕೆಗಳು ಹಿಂದೆಯೇ ಬರುತ್ತವೆ, ಇನ್ನೊಂದು ಕಂಪನಿಯ ಬಾಗಿಲಲ್ಲಿ ಎಂಟು ಮೇಕೆ ಕಟ್ಟಿಕೊಂಡು ನಿಂತವರನ್ನು ಯಾರೂ ಒಳಗೆ ಕರೆಯುವುದಿಲ್ಲ. ಸರಿಪಡಿಸಿ ಕಳಿಸೋಣವೆಂದರೆ ತಪ್ಪಿರುವುದು ಕಚೇರಿಯ ಯಂತ್ರದೊಳಗೆ, ಅದನ್ನು ಮುಟ್ಟಲು ಹೊರಗಿನವರಿಗೆ ಬಿಡುವುದಿಲ್ಲ. ಸಾಯುವತನಕ ಹಾಗೇ. ಅಂಥ ಇಬ್ಬರು ನಮ್ಮೂರ ಕೆರೆಯ ಕಡೆ ಮೇಕೆ ಕಾಯುತ್ತಾ ತಿರುಗುತ್ತಿದ್ದಾರೆ, ಒಳ್ಳೇ ಓದಿಕೊಂಡವರು.

ಎಣಿಕೆಯ ಹಿಂದಿನ ದಿನ ಬೆಳಿಗ್ಗೆ ವಾರಿಜಕ್ಕ ನನ್ನ ಮೇಜಿನ ಹತ್ತಿರ ಬಂದರು. ಅವರ ಹಿಂದೆ ಹದಿಮೂರೂ ಬಂದವು.

"ಭೋಜು, ನಿನ್ನವೆರಡನ್ನ ಹೇಗೆ ಬರೆದಿದ್ದೆ ಅಂತ ಹೇಳ್ತೀಯಾ? ನಾಳೆ ಅಂದ್ರೆ ನನಗೆ ನಾಳೆ ಇಲ್ಲ."

ಪಕ್ಕದಲ್ಲಿ ಕೂತು ಹೇಳಿದೆ. ಮೊದಲನೆಯದಕ್ಕೆ ಹನ್ನೆರಡು ನಿಮಿಷ ಹಿಡಿಯಿತು, ಎರಡನೆಯದಕ್ಕೆ ಇಪ್ಪತ್ತು. ಕಂದು ಮೇಕೆ ಕಿವಿ ಕೆರೆದುಕೊಳ್ಳುತ್ತಾ ಇದ್ದದ್ದು ಇಲ್ಲವಾಯಿತು, ಅದರ ಹಿಂದೆ ಇನ್ನೊಂದು. ಒಟ್ಟು ಮೂವತ್ತೆರಡು ನಿಮಿಷ. ಅಷ್ಟಕ್ಕೆ ನಾನು ಏಳು ತಿಂಗಳು ನಾಳೆ ನಾಳೆ ಎಂದಿದ್ದೆ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕೆನಿಸಿತು.

ಆಮೇಲೆ ನಾನೇ ಎದ್ದು ಒಬ್ಬೊಬ್ಬರ ಹತ್ತಿರ ಹೋದೆ. ಹೊಸದಾಗಿ ಸೇರಿದ್ದ ಇಬ್ಬರು ಹುಡುಗಿಯರು ನಾಚಿಕೊಂಡು ಬಂದು ತಮ್ಮ ತಮ್ಮದನ್ನು ಹೇಳಿದರು, ಎರಡು ಮರಿಗಳು ಹೋದವು. ವಾರಿಜಕ್ಕನ ಸ್ವಂತದ್ದು ಒಂದೇ ಇತ್ತು, ಬೇರೆಯವರದ್ದು ಮುಗಿಯಲಿ ಎಂದು ಅದನ್ನು ಹಿಂದೆ ಹಾಕಿದ್ದರು. ಅದನ್ನೂ ಮಾಡಿದರು. ಉಳಿದದ್ದು ಎಂಟು. ಪದ್ಮಪ್ರಿಯಳದು ಮೂರು, ನಿರಂಜನನದು ನಾಲ್ಕು, ಆ ಹೋತ.

"ನನ್ನವಾ? ನನ್ನ ಕಂಪ್ಯೂಟರಲ್ಲಿ ಓಡ್ತಿತ್ತು ಭೋಜರಾಜ್, ಬೇಕಿದ್ರೆ ಬಂದು ನೋಡಿ" ಎಂದಳು ಪದ್ಮಪ್ರಿಯ. ಕಣ್ಣಲ್ಲಿ ನೀರು ಬೇರೆ. ಪಾಪ ಹೆದರಿದ್ದಳು, ಒಪ್ಪುತ್ತೇನೆ. ಹೆದರಿದವರೆಲ್ಲ ತಮ್ಮ ಹೆದರಿಕೆಯನ್ನು ವಾರಿಜಕ್ಕನ ಕುರ್ಚಿಗೇ ಯಾಕೆ ಕಟ್ಟಬೇಕಿತ್ತು? ನಿರಂಜನ ನಾಳೆ ಮಧ್ಯಾಹ್ನ ಮೂರಕ್ಕೆ ಇದರ ಬಗ್ಗೆಯೇ ಒಂದು ಮೀಟಿಂಗ್ ಇಟ್ಟಿದ್ದೇನೆ ಎಂದ. ಎಣಿಕೆ ಬೆಳಿಗ್ಗೆ ಹತ್ತಕ್ಕೆ. ಜಯಸಿಂಹನ ಕೋಣೆಗೂ ಹೋದೆ. "ಯಾವ ಆಸ್ಪತ್ರೇಲಿ ಏನು ಒತ್ತಿದ್ರಿ ಸಾರ್, ಅಷ್ಟು ಹೇಳಿದ್ರೆ ಸಾಕು" ಎಂದೆ. ಅವನು ನಕ್ಕು ಕುರ್ಚಿ ತಿರುಗಿಸಿಕೊಂಡ. "ನಿಮ್ಮ ಹೆಸರು ಚೆನ್ನಾಗಿ ಬರ್ತಾ ಇದೆ ಭೋಜರಾಜ್. ಇಂಥ ಹೊತ್ತಲ್ಲಿ ನಿಮ್ಮ ಕೆಲಸ ನೀವು ನೋಡ್ಕೊಂಡ್ರೆ ಒಳ್ಳೇದು." ನಾನು ಹೊರಗೆ ಬಂದೆ. ಬಾಗಿಲನ್ನು ಜೋರಾಗಿ ಹಾಕಬೇಕೆಂದುಕೊಂಡು ಮೆತ್ತಗೆ ಹಾಕಿದೆ.

ಮರುದಿನ ಎಣಿಕೆಗೆ ಇಬ್ಬರು ಬಂದರು, ಫೈಲು ಹಿಡಿದ ಒಬ್ಬ ಹೆಂಗಸು, ಎಣಿಸಿದ ಮೇಕೆಯ ಬೆನ್ನಿಗೆ ಸೀಮೆಸುಣ್ಣದ ಗೆರೆ ಎಳೆಯುವ ಒಬ್ಬಾತ. ನನ್ನ ಹೆಸರಿನ ಮುಂದೆ ಸೊನ್ನೆ ಬರೆದು ಮುಂದೆ ಹೋದರು. ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಮೆಟ್ಟಿಲಿನ ಪಕ್ಕ ಬಂದಾಗ ಆ ಹೆಂಗಸು ತಲೆಯೆತ್ತಿ, "ಎಂಟು" ಎಂದರು. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ.

"ಮೇಡಂ, ಅದರಲ್ಲಿ ಒಂದೂ ಅವರದಲ್ಲ. ಮೂರು ಆಕೆಯವು, ನಾಲ್ಕು ಇವನವು. ಆ ಹೋತ ಜಯಸಿಂಹ ಸಾರ್‌ದು. ಎಲ್ಲರೂ ನೋಡಿದ್ದಾರೆ, ಕೇಳಿ ಬೇಕಾದ್ರೆ!"

ಅವರು ಎಲ್ಲರ ಕಡೆ ನೋಡಿದರು. ಪದ್ಮಪ್ರಿಯ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಂತೋಣಿಯನ್ನು ಕೇಳಿದಾಗ, "ನನ್ನ ಫಾರಂನಲ್ಲಿ ಆ ಕಾಲಂ ಇಲ್ಲ ಮೇಡಂ" ಎಂದ. ಹೆಡ್‌ಫೋನಿನವರು ತೆಗೆಯಲೂ ಇಲ್ಲ. ಜಯಸಿಂಹ, "ಭೋಜರಾಜ್‌ಗೆ ಸ್ವಲ್ಪ ಕೆಲಸದ ಒತ್ತಡ" ಎಂದು ಎಲ್ಲರಿಗೂ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದ.

ಆ ಹೆಂಗಸು ಕೆಟ್ಟವರಲ್ಲ. "ಯಾರು ತಪ್ಪು ಮಾಡಿದ್ರು ಅನ್ನೋದು ನಮ್ಮ ಲೆಕ್ಕಕ್ಕೆ ಬರಲ್ಲ ಕಣ್ರಿ, ಯಾರ ಹಿಂದೆ ಇದೆ ಅನ್ನೋದಷ್ಟೇ" ಎಂದರು. "ಎಂಟು ಆದ್ರೆ ನಾನು ಕಳಿಸಲೇಬೇಕು. ಏಳಾದ್ರೆ ಬೇಡ. ನಿಮ್ಮಲ್ಲಿ ಯಾರಾದ್ರೂ ಒಂದನ್ನ ತಗೊಳ್ಳೋದಾದ್ರೆ ತಗೊಳ್ಳಿ. ಐದು ನಿಮಿಷ ಇರ್ತೀನಿ."

ಒಂದನ್ನು. ಒಂದು ಹಿಡಿ ಸೊಪ್ಪು. ಚೀಲ ಎಲ್ಲರ ಮಧ್ಯೆ ಬಾಯಿ ತೆರೆದುಕೊಂಡೇ ಇತ್ತು. ಅಲ್ಲಿದ್ದವರಲ್ಲಿ ಮೂವತ್ತೆಂಟು ಜನಕ್ಕೆ ಸೊನ್ನೆ, ಒಂದು ಮೇಕೆ ಬಂದರೆ ಯಾರ ಕೆಲಸವೂ ಹೋಗುತ್ತಿರಲಿಲ್ಲ, ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲ. ಬಡ್ತಿ ಒಂದು ವರ್ಷ ಮುಂದೆ ಹೋಗುತ್ತಿತ್ತು, ಅಷ್ಟೇ. ಹನ್ನೊಂದು ವರ್ಷ ಅವರೆಲ್ಲರ ತಪ್ಪಿಗೆ ಉಣ್ಣಿಸಿದ ಹೆಂಗಸು ಅಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಒಬ್ಬರೂ ಅಲ್ಲಾಡಲಿಲ್ಲ. ಥೂ! ಎಂದು ನಾನು ಮನಸ್ಸಿನಲ್ಲಿ ಒಬ್ಬೊಬ್ಬರಿಗೂ ಉಗಿಯುತ್ತಾ ಹೋದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಹಾಗೆ ಉಗಿಯುತ್ತಾ ನಾಲ್ಕು ನಿಮಿಷ ಕಳೆದೆ. ನಾನೂ ಸೊನ್ನೆಯವನೇ, ನನ್ನ ಕಾಲೂ ನೆಲಕ್ಕೆ ಕಚ್ಚಿಕೊಂಡಿದೆ ಎಂದು ಹೊಳೆದದ್ದು ಆಮೇಲೆ. ಸುಳ್ಳು ಯಾಕೆ ಹೇಳಲಿ, ಮೊದಲೇ ಹೊಳೆದಿತ್ತು. ಮುಖ್ಯಸ್ಥನ ಕುರ್ಚಿಯೂ ಅದರ ಜೊತೆಗೇ ಹೊಳೆದಿತ್ತು.

ಐದನೆಯ ನಿಮಿಷದಲ್ಲಿ ಹೋಗಿ ಚೀಲದಿಂದ ಒಂದು ಹಿಡಿ ತೆಗೆದು ಹೋತದ ಮೂತಿಗೆ ಹಿಡಿದೆ. ಅದು ಮೂಸಿತು. ಮುಖ ಆಚೆ ತಿರುಗಿಸಿತು. ಪಕ್ಕದ ಬಿಳಿಯದಕ್ಕೆ ಹಿಡಿದೆ, ಅದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಹೊಟ್ಟೆ ತುಂಬಿ ಸೊಪ್ಪು ಬೇಡವೆಂದ ಮೇಕೆಯನ್ನು ನಾನು ನೋಡಿದ್ದು ಅದೇ ಮೊದಲು.

"ಬೆಳಿಗ್ಗೇನೇ ಎಲ್ಲಾದಕ್ಕೂ ಹೊಟ್ಟೆ ತುಂಬ ಹಾಕಿಬಿಟ್ಟಿದ್ದೆ ಭೋಜು" ಎಂದರು ವಾರಿಜಕ್ಕ. "ಎಣಿಸೋಕೆ ಬಂದೋರ ಮುಂದೆ ಅರಚಬಾರದು ಅಂತ."

ಅವರು ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದರು. ಎಂಟೂ ಹಿಂದೆ ಇಳಿದವು, ಗೊರಸಿನ ಸದ್ದು ಕೆಳಗಿನ ಮಹಡಿಯವರೆಗೂ ಕೇಳುತ್ತಿತ್ತು. ಯಾರೋ ಕಿಟಕಿಗಳನ್ನು ತೆಗೆದರು, ವಾಸನೆ ಹೋಗಲಿ ಎಂದು. ಮಧ್ಯಾಹ್ನ ಮೂರಕ್ಕೆ ನಿರಂಜನ ಮೀಟಿಂಗ್ ಮಾಡಿಯೇ ಮಾಡಿದ.

ಮುಂದಿನ ವಾರ ನನಗೆ ಬಡ್ತಿಯ ಪತ್ರ ಬಂತು. ಸಹಿ ಹಾಕಿದೆ. ಒಳಗೇ ಇದ್ದರೆ ಅವರ ಹಿಂದಿನ ಮೇಕೆಗಳನ್ನು ಇಳಿಸಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಪದ್ಮಪ್ರಿಯಳನ್ನೂ ನಿರಂಜನನನ್ನೂ ಕರೆದು ಕೂರಿಸಿ ಕೇಳಿದೆ. ಈಗ ನಾನು ಮೇಲಿನವನಲ್ಲವೇ, ಗಿಣಿಯ ಹಾಗೆ ಹೇಳಿದರು. ಏಳಕ್ಕೂ ಸೇರಿ ಒಂದು ದಿನ ಸಾಕಾಯಿತು. ಏಳೂ ವಾರಿಜಕ್ಕನ ಹಿತ್ತಿಲಿನಿಂದ ಹೋದವು ಎಂದು ಅವರ ಪಕ್ಕದ ಮನೆಯವರಿಂದ ಗೊತ್ತಾಯಿತು. ಹೋತ ಉಳಿಯಿತು. ಅದನ್ನು ಕಳಿಸಬೇಕಾದರೆ ಜಯಸಿಂಹ ಬಾಯಿ ಬಿಡಬೇಕು. ಅವನಿಗೆ ಏಪ್ರಿಲ್‌ನಲ್ಲೇ ಹೆಡ್ಡಾಫೀಸಿಗೆ ಬಡ್ತಿಯಾಯಿತು, ಮೇಕೆಯೇ ಬಾರದ ಊರಿಗೆ. ಬೀಳ್ಕೊಡುಗೆಗೆ ನಾವು ಕೇಕ್ ತರಿಸಿದೆವು. ಆ ಕೇಕನ್ನು ನಾನೂ ತಿಂದೆ. ಆಸ್ಪತ್ರೆಗಳಲ್ಲಿ ಒಂದೇ ಹಾಸಿಗೆಗೆ ಎರಡು ಚೀಟಿ ಈಗಲೂ ವಾರಕ್ಕೊಮ್ಮೆ ಹೋಗುತ್ತಲೇ ಇದೆ.

ವಾರಿಜಕ್ಕನ ಮನೆಗೆ ಹೋಗಿ ಹೋತಕ್ಕೆ ಒಂದು ಹಿಡಿ ತಿನ್ನಿಸಿ ಕರೆದುಕೊಂಡು ಬರಬಹುದಿತ್ತು. ಎರಡು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದೆ. ಕುರ್ಚಿ ಹೋಗುತ್ತದೆ ಎಂಬ ಭಯ, ಅವರ ಮುಖ ನೋಡಬೇಕಲ್ಲ ಎಂಬ ನಾಚಿಕೆ. ಯಾವುದು ಹೆಚ್ಚು ಎಂದು ತೂಗಿ ನೋಡುವ ಧೈರ್ಯವೂ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಕೂತಿದ್ದ ಬಸ್ಸು ಗಡಿಯಾರದ ಸ್ಟಾಪಿನಲ್ಲಿ ನಿಂತಿತು. ವಾರಿಜಕ್ಕ ಹತ್ತಿದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಸರ್ಟಿಫಿಕೇಟಿನ ಫೈಲು. ಅವರ ಹಿಂದೆ ಹೋತ ಮುಂಗಾಲೆರಡನ್ನು ಮೆಟ್ಟಿಲ ಮೇಲಿಟ್ಟಿತು, ಕತ್ತಿನಲ್ಲಿ ತುಂಡಾದ ಹಗ್ಗ.

"ಇಳೀರಮ್ಮ, ಇಳೀರಿ! ಇದನ್ನೆಲ್ಲ ಬಸ್ಸಿಗೆ ಹತ್ತಿಸ್ಕೊಳ್ಳಕ್ಕಾಗಲ್ಲ" ಎಂದ ಕಂಡಕ್ಟರು.

"ನನಗೆ ಹತ್ತೂವರೆಗೆ ಇಂಟರ್‌ವ್ಯೂ ಇದೆಯಪ್ಪ. ಮನೇಲಿ ಕಟ್ಟಿಹಾಕಿ ಬಂದೆ, ಹಗ್ಗ ಕಚ್ಕೊಂಡು ಬಂದ್ಬಿಟ್ಟಿದೆ."

"ಅದೆಲ್ಲ ನಂಗೊತ್ತಿಲ್ಲ. ಯಾರ್ ಮೇಕೇನೋ ಅವ್ರ್ ಇಳೀಬೇಕು."

ಅವರು ಇಳಿದರು. ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿದರು, ಒಬ್ಬಳು ಮೂಗು ಮುಚ್ಚಿಕೊಂಡಳು. ಕಂಡಕ್ಟರು ಶಿಳ್ಳೆ ಹಾಕಿದ. ನಾನು ಎದ್ದೆ. ಎದ್ದವನು ಮತ್ತೆ ಕೂರಲಿಲ್ಲ, ನನ್ನ ಬಗ್ಗೆ ನಾನು ಹೇಳಿಕೊಳ್ಳಬಹುದಾದದ್ದು ಇಷ್ಟೇ. ಚಲಿಸುತ್ತಿದ್ದ ಬಸ್ಸಿನಿಂದ ಹಾರಿ, ಮುಗ್ಗರಿಸಿ, ಎದ್ದು ಓಡಿದೆ. ಕೈಯಲ್ಲಿ ಸೊಪ್ಪಿರಲಿಲ್ಲ. ಸ್ಟಾಪಿನಲ್ಲಿ ಬಾಳೆಹಣ್ಣಿನ ಗಾಡಿಯಿತ್ತು, ಒಂದು ಚಿಪ್ಪು ಕಿತ್ತುಕೊಂಡು ಸಿಪ್ಪೆ ಸಮೇತ ಹೋತದ ಮೂತಿಗೆ ಹಿಡಿದೆ.

"ತಿನ್ನತ್ತಾ ಅಕ್ಕ? ಹೊಟ್ಟೆ ತುಂಬಿದ್ಯಾ?"

"ಬೆಳಿಗ್ಗೆಯಿಂದ ಏನೂ ಹಾಕಿಲ್ಲ" ಎಂದರು. ನನ್ನನ್ನು ನೋಡುತ್ತಿರಲಿಲ್ಲ, ಹೋತವನ್ನು ನೋಡುತ್ತಿದ್ದರು.

ಅದು ಆರು ಹಣ್ಣನ್ನೂ ತಿಂದಿತು. ನನ್ನ ಅಂಗೈ ನೆಕ್ಕಿತು. ಆಮೇಲೆ ನಿಧಾನಕ್ಕೆ ಸುತ್ತಿ ಬಂದು ನನ್ನ ಮೊಣಕಾಲಿಗೆ ಪಕ್ಕೆ ಒರಗಿಸಿ ನಿಂತಿತು. ವಾರಿಜಕ್ಕ ತಮ್ಮ ಎಡಪಕ್ಕಕ್ಕೆ ನೋಡಿಕೊಂಡರು, ಬಲಪಕ್ಕಕ್ಕೆ ನೋಡಿಕೊಂಡರು. ಅವರು ಥ್ಯಾಂಕ್ಸ್ ಹೇಳಲಿಲ್ಲ. "ಮಧ್ಯಾಹ್ನ ಅದಕ್ಕೆ ನೀರು ಬೇಕು, ಮರೀಬೇಡ" ಎಂದಷ್ಟೇ ಹೇಳಿ, ಹಿಂದೆ ಬಂದ ಇನ್ನೊಂದು ಬಸ್ಸು ಹತ್ತಿದರು. ಯಾರೂ ತಡೆಯಲಿಲ್ಲ.

ಅಲ್ಲಿಂದ ಕಚೇರಿಗೆ ಮೂರು ಮೈಲಿ. ಆಟೋದವರು ನಿಲ್ಲಿಸಲಿಲ್ಲ, ಇಬ್ಬರೂ ನಡೆದೆವು. ನನ್ನ ಕುರ್ಚಿ ಸಂಜೆಯೊಳಗೆ ಹೋಗುತ್ತದೆ ಎಂದು ಗೊತ್ತಿತ್ತು. ಹೋಯಿತು ಕೂಡ. ನಡೆಯುತ್ತಾ ಜಯಸಿಂಹನ ನಂಬರಿಗೆ ಫೋನ್ ಮಾಡಿದೆ. ಒಂಬತ್ತು ಸಲ ಎತ್ತಲಿಲ್ಲ. ಹತ್ತನೆಯ ಸಲ ಎತ್ತಿದ.

"ನಾನು ಭೋಜರಾಜ. ನಿಮ್ಮ ಹೋತ ನನ್ನ ಹತ್ರ ಇದೆ. ಯಾವ ಆಸ್ಪತ್ರೇಲಿ ಏನು ಒತ್ತಿದ್ರಿ, ಹೇಳಿ."

"ಯಾವ ಹೋತ? ಏನ್ರೀ ಮಾತಾಡ್ತಾ ಇದೀರಿ? ನಾನು ಮೀಟಿಂಗಲ್ಲಿದ್ದೀನಿ" ಎಂದು ಇಟ್ಟುಬಿಟ್ಟ.

ರಸ್ತೆಯ ಪಕ್ಕಕ್ಕೆ ನಿಂತು ಮತ್ತೆ ಮಾಡಿದೆ.